ನ್ಯಾಯ ತಡವಾದಾಗ "ದೇವರು ಬದಲಾಗುವುದಿಲ್ಲ" ಅನ್ನುವ ಮಾತನ್ನು ಹಿಡಿದುಕೊಳ್ಳುವುದು ಹೇಗೆ? ತಿಳಿದವರು ಹೇಳಿ

ಹೊಲಿಗೆಮನೆ (ರಾಮನಗರ ಕಡೆ)

ಎಲ್ಲರಿಗೂ ಕರ್ತನಲ್ಲಿ ವಂದನೆ.

ನಾನು ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದವಳು. ಹತ್ತು ವರ್ಷಕ್ಕಿಂತ ಜಾಸ್ತಿ ಒಂದೇ ಫ್ಯಾಕ್ಟರಿಯಲ್ಲಿ ದುಡಿದೆ. ಈ ಸಲ ಹಬ್ಬದ ರಜೆ ಮುಗಿಸಿ ಹೋದರೆ ಗೇಟಿಗೆ ಬೀಗ, ಪಕ್ಕದಲ್ಲಿ ಒಂದು ನೋಟೀಸು. ಕೊನೇ ತಿಂಗಳ ಸಂಬಳ ಬಂತು, ಗ್ರಾಚ್ಯುಟಿ (ದುಡಿದ ವರ್ಷಗಳಿಗೆ ಕೆಲಸ ಬಿಡುವಾಗ ಕೊಡಬೇಕಾದ ಇಡುಗಂಟು) ಬರಲಿಲ್ಲ. ಮೊದಮೊದಲು "ಮುಂದಿನ ತಿಂಗಳು" ಅಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ನಮ್ಮೆಜಮಾನ್ರಿಗೆ ಬೆನ್ನುನೋವು, ಕೆಲಸಕ್ಕೆ ಹೋಗುವುದು ಕಮ್ಮಿ. ಮಗಳು ಪಿಯುಸಿ. ಸಂಘದ ಸಾಲದ ಕಂತು ವಾರ ತಪ್ಪದೆ ಬರುತ್ತೆ.

ನಮ್ಮ ಲೈನಿನ ಹೆಂಗಸರೆಲ್ಲ ಸೇರಿ ಲೇಬರ್ ಆಫೀಸಿಗೆ ಹೋಗೋಣ ಅಂತಿದ್ದಾರೆ. ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಹೇಳಿದಾಗ ಹಿರಿಯರೊಬ್ಬರು, "ಕೋರ್ಟು ಕಚೇರಿ ವಿಶ್ವಾಸಿಗಳಿಗಲ್ಲಮ್ಮ, ದೇವರ ಕೈಗೆ ಬಿಟ್ಟುಬಿಡು, ಅಪೊಸ್ತಲ ಪೌಲನೇ ಬೇಡ ಅಂದಿದ್ದಾನೆ" ಅಂದರು. ಪ್ರೀತಿಯಿಂದಲೇ ಹೇಳಿದರು, ಅವರ ಮೇಲೆ ನನಗೆ ಕೋಪವಿಲ್ಲ. ಅದೇ ಭಾನುವಾರ ಸತ್ಯವೇದದಲ್ಲಿರುವ ಮಲಾಕಿಯ ಪ್ರವಾದಿಯ ಪುಸ್ತಕದಿಂದ 3:6 ಓದಿದರು, ಯೆಹೋವನು ಬದಲಾಗುವವನಲ್ಲ ಅನ್ನುವ ವಚನ. ಆವತ್ತಿಂದ ಅದೊಂದೇ ತಲೆಯಲ್ಲಿ ಕೂತಿದೆ. ಬದಲಾಗದ ದೇವರು ನ್ಯಾಯವಂತನೂ ಆಗಿದ್ದರೆ, ನಾನು ಸುಮ್ಮನೆ ಕಾಯುವುದೇ ನಂಬಿಕೆಯಾ? ಅರ್ಜಿ ಕೊಟ್ಟರೆ ಆತನನ್ನು ನಂಬಲಿಲ್ಲ ಅಂತಲಾ? ನಿಜವಾಗಲೂ ಗೊತ್ತಿಲ್ಲದೆ ಕೇಳುತ್ತಿದ್ದೇನೆ.

ದೀಪಸ್ತಂಭ

ಸಿಸ್ಟರ್, ನಿಮಗಾಗಿ ಪ್ರಾರ್ಥಿಸಿದೆ. 37ನೇ ಕೀರ್ತನೆ ಓದಿ. ಕೆಟ್ಟವರು ಏಳಿಗೆಯಾದರೆಂದು ಉರಿದುಕೊಳ್ಳಬೇಡ, ಯೆಹೋವನನ್ನು ಕಾದಿರು ಅಂತ ದಾವೀದ ಹೇಳುತ್ತಾನೆ. ಕಾಯುವುದು ಕಷ್ಟ. ಆದರೆ ಕಾದವರು ಯಾರೂ ನಾಚಿಕೆಗೊಳಗಾಗಿಲ್ಲ.

ನಿವೃತ್ತ ಮೇಷ್ಟ್ರು (ಶಿವಮೊಗ್ಗ)

ತಾಯಿ, ನೀವು ಕೇಳಿದ ವಚನದ ಮೇಲಿನ ವಚನವನ್ನು ನಿಮ್ಮ ಸಭೆಯಲ್ಲಿ ಅಂದು ಓದಿದರೋ ಇಲ್ಲವೋ. ದಯವಿಟ್ಟು ಈಗಲೇ ತೆಗೆದು 3:5 ಓದಿ. ಉತ್ತರ ಅಲ್ಲಿದೆ ಎಂದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಸಂದರ್ಭ ಹೇಳಿಬಿಡುತ್ತೇನೆ. ಮಲಾಕಿಯ ಮಾತಾಡುತ್ತಿರುವುದು ಬಾಬೆಲಿನ ಸೆರೆಯಿಂದ ಹಿಂತಿರುಗಿ ಬಂದ ಜನರಿಗೆ. ದೇವಾಲಯ ಮತ್ತೆ ಕಟ್ಟಿ ಮುಗಿದಿತ್ತು, ಅದು ಮುಗಿದದ್ದು ಕ್ರಿ.ಪೂ. 515ರ ಸುಮಾರಿಗೆ. ಬಲಿ, ಕಾಣಿಕೆ, ಯಾಜಕರು ಎಲ್ಲ ಇದ್ದರು. ಆದರೆ ದೇಶ ಪರ್ಷಿಯದವರ ಅಧೀನ, ಬೆಳೆ ಕೈಕೊಟ್ಟಿತ್ತು, ಪ್ರವಾದಿಗಳು ಹೇಳಿದ ಮಹಿಮೆ ಎಲ್ಲೂ ಕಾಣಲಿಲ್ಲ. ಜನ ಬೇಸತ್ತು ಕೇಳಿದ ಪ್ರಶ್ನೆ 2ನೇ ಅಧ್ಯಾಯದ ಕೊನೆಯ ವಚನದಲ್ಲಿದೆ: ನ್ಯಾಯ ತೀರಿಸುವ ದೇವರು ಎಲ್ಲಿ? ನಿಮ್ಮ ಪ್ರಶ್ನೆಯೇ ಅದು. ಸುಮಾರು 2400 ವರ್ಷದ ಹಿಂದೆಯೇ ಕೇಳಿ, ಶಾಸ್ತ್ರದೊಳಗೇ ಬರೆದಿಟ್ಟಿದ್ದಾರೆ.

ಅದಕ್ಕೆ ಉತ್ತರವಾಗಿ 3:5ರಲ್ಲಿ ದೇವರು ತಾನೇ ನ್ಯಾಯಸ್ಥಾನಕ್ಕೆ ಬರುತ್ತೇನೆ, ತಡಮಾಡದೆ ಸಾಕ್ಷಿ ನುಡಿಯುತ್ತೇನೆ ಅನ್ನುತ್ತಾನೆ. ಯಾರ ವಿರುದ್ಧ? ಮಾಟಗಾರರು, ವ್ಯಭಿಚಾರಿಗಳು, ಸುಳ್ಳು ಪ್ರಮಾಣ ಮಾಡುವವರು; ಅವರ ಜೊತೆಗೇ, ಅದೇ ಸಾಲಿನಲ್ಲಿ, ಕೂಲಿಯವನ ಕೂಲಿ ಹಿಡಿದುಕೊಂಡವರು, ವಿಧವೆಯನ್ನೂ ತಂದೆಯಿಲ್ಲದ ಮಕ್ಕಳನ್ನೂ ಬಾಧಿಸುವವರು, ಪರದೇಶದವನ ನ್ಯಾಯ ತಪ್ಪಿಸುವವರು. ಇಷ್ಟು ಹೇಳಿದ ಮೇಲೆ 6ನೇ ವಚನ ಬರುತ್ತದೆ, ಬದಲಾಗುವುದಿಲ್ಲ ಎಂದು. ಎರಡನ್ನೂ ಒಂದೇ ಉಸಿರಿನಲ್ಲಿ ಓದಬೇಕು. ಆತ ಬದಲಾಗುವುದಿಲ್ಲ ಎನ್ನುವುದು ಇಲ್ಲಿ ಆಕಾಶದಾಚೆಯ ತತ್ವವಲ್ಲ. ಕೂಲಿ ತಡೆಹಿಡಿಯುವುದನ್ನು ಆತ ಮೋಶೆಯ ಕಾಲದಲ್ಲಿ ಹೇಗೆ ಕಂಡನೋ ಈಗಲೂ ಹಾಗೆಯೇ ಕಾಣುತ್ತಾನೆ ಎಂಬ ಮಾತು.

ಮೋಶೆಯ ಕಾಲದಲ್ಲಿ ಹೇಗೆ ಕಂಡ? ಧರ್ಮೋಪದೇಶಕಾಂಡ 24:14-15 ನೋಡಿ. ಬಡ ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲು ಕೊಡಬೇಕು. ಅವನು ಅದರ ಮೇಲೇ ಆಸೆ ಇಟ್ಟುಕೊಂಡಿರುತ್ತಾನೆ. ಕೊಡದಿದ್ದರೆ ಅವನು ಯೆಹೋವನಿಗೆ ಮೊರೆಯಿಟ್ಟಾನು, ಅದು ನಿಮಗೆ ಪಾಪವಾದೀತು. ಯಾಜಕಕಾಂಡ 19:13 ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡ ಅನ್ನುತ್ತದೆ. ಮುಂದೆ ಯೆರೆಮೀಯ (22:13) ಅರಸ ಯೆಹೋಯಾಕೀಮನನ್ನೇ ಗದರಿಸುತ್ತಾನೆ. ದೇವದಾರಿನ ಹಲಗೆ ಹಾಕಿಸಿ, ಕಿಟಕಿ ಅಗಲ ಮಾಡಿಸಿ, ಕೆಂಪು ಬಣ್ಣ ಬಳಿಸಿ ಅರಮನೆ ಕಟ್ಟಿಸಿದ, ಕೆಲಸದವರಿಗೆ ಕೂಲಿ ಕೊಡಲಿಲ್ಲ. ಹೊಸ ಒಡಂಬಡಿಕೆಗೆ ಬಂದರೆ ಯಾಕೋಬನ ಪತ್ರಿಕೆ 5:4: ನಿಮ್ಮ ಹೊಲ ಕೊಯ್ದವರಿಂದ ನೀವು ಹಿಡಿದುಕೊಂಡ ಕೂಲಿಯೇ ಕೂಗುತ್ತಿದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಬಿದ್ದಿದೆ. ಬದಲಾವಣೆಯ ನೆರಳೂ ಇಲ್ಲದ ತಂದೆ ಎಂದು 1:17ರಲ್ಲಿ ಹೇಳಿದ್ದೂ ಇದೇ ಯಾಕೋಬ.

ಧರ್ಮಶಾಸ್ತ್ರ, ಪ್ರವಾದಿಗಳು, ಅಪೊಸ್ತಲರು, ಮೂವರ ಬಾಯಲ್ಲೂ ಒಂದೇ ಮಾತು. ನಿಮ್ಮ ಅರ್ಜಿಯಲ್ಲಿ ಇರುವುದೂ ಅದೇ ಮಾತು. ಅದು ನಂಬಿಕೆಗೆ ವಿರೋಧವಾಗುವುದು ಹೇಗೆ, ನನಗೆ ತಿಳಿಯದು.

ಹೊಲಿಗೆಮನೆ

ಮೇಷ್ಟ್ರೇ, ಓದಿದೆ. ಆ ಐದನೇ ವಚನ ನನ್ನ ಸತ್ಯವೇದದಲ್ಲೂ ಇದೆ, ಇಷ್ಟು ವರ್ಷ ಕಣ್ಣಿಗೆ ಬಿದ್ದಿರಲಿಲ್ಲ. ಅಡುಗೆಮನೆಯಲ್ಲಿ ಜೋರಾಗಿ ಓದಿದೆ, ಮಗಳೂ ಬಂದು ಕೂತಳು.

ಆದರೆ ಪೌಲನ ಮಾತು? ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆ 6ನೇ ಅಧ್ಯಾಯ ಅಂತ ಹಿರಿಯರು ಹೇಳಿದ್ದು.

ವಕೀಲಿ ವೃತ್ತಿ (ತುಮಕೂರು)

ಅಕ್ಕ, ಇದಕ್ಕೆ ನಾನು ಉತ್ತರ ಹೇಳಬಹುದು. ಸಭೆಯಲ್ಲೂ ಕೋರ್ಟಿನಲ್ಲೂ ಈ ಪ್ರಶ್ನೆ ಕೇಳಿದ್ದೇನೆ.

ಆ ಅಧ್ಯಾಯದಲ್ಲಿ ಪೌಲ ಬೈಯುತ್ತಿರುವುದು ಒಂದೇ ಸಭೆಯ ಸಹೋದರರು ತಮ್ಮೊಳಗಿನ ವ್ಯಾಜ್ಯವನ್ನು ಹೊರಗಿನವರ ಮುಂದೆ ಒಯ್ದು ಒಬ್ಬರ ಮೇಲೊಬ್ಬರು ಹಗೆ ಸಾಧಿಸುವುದನ್ನು. ನಿಮ್ಮೊಳಗೆ ತೀರ್ಪು ಹೇಳುವ ಬುದ್ಧಿವಂತ ಒಬ್ಬನೂ ಇಲ್ಲವೇ ಎಂದು ಕೇಳುತ್ತಾನೆ. ಅಂದರೆ ತೀರ್ಪೇ ಬೇಡ ಅನ್ನುತ್ತಿಲ್ಲ, ಸಭೆಯೊಳಗೇ ತೀರ್ಪು ಆಗಲಿ ಅನ್ನುತ್ತಿದ್ದಾನೆ. ಮುಚ್ಚಿದ ಫ್ಯಾಕ್ಟರಿಯ ಮಾಲೀಕರನ್ನು ನಿಮ್ಮ ಸಭೆಯ ಹಿರಿಯರು ಕರೆಸಿ ಕೂರಿಸಿ ಮಾತಾಡಿಸಬಲ್ಲರಾ? ಆಗದು ಎಂದಾದರೆ ಆ ವಚನ ನಿಮ್ಮ ಬಾಯಿ ಕಟ್ಟುವುದಿಲ್ಲ.

ಪೌಲ ಸ್ವತಃ ಏನು ಮಾಡಿದ? ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದರು. ಮಾರನೇ ದಿನ ಅಧಿಕಾರಿಗಳು ಗುಟ್ಟಾಗಿ ಕಳಿಸಿಬಿಡೋಣ ಅಂದಾಗ, "ನಾವು ರೋಮ್ ಹಕ್ಕುಳ್ಳವರು, ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ" ಎಂದು ಪಟ್ಟು ಹಿಡಿದ (ಅಪೊಸ್ತಲರ ಕೃತ್ಯಗಳು 16:37). ರೋಮಿನ ಅಧಿಪತಿ ಫೆಸ್ತನ ಮುಂದೆ ನ್ಯಾಯ ಸಿಗುವುದಿಲ್ಲ ಎಂದು ಗೊತ್ತಾದಾಗ ಚಕ್ರವರ್ತಿ ಕೈಸರನಿಗೇ ಮನವಿ ಸಲ್ಲಿಸಿದ (25:11). ಅದು ನಂಬಿಕೆಯಿಲ್ಲದವನ ಕೆಲಸ ಎಂದು ಯಾರೂ ಹೇಳಿಲ್ಲ.

ಇನ್ನು ಕೈಯಲ್ಲಿ ಮಾಡುವ ಕೆಲಸ. 5 ವರ್ಷ ಸತತ ಸೇವೆ ಮುಗಿಸಿದವರಿಗೆ ಗ್ರಾಚ್ಯುಟಿ ಹಕ್ಕು, ಯಾರ ದಯೆಯೂ ಅಲ್ಲ. 1972ರ ಕಾನೂನಿನಿಂದ ಬಂದ ಲೆಕ್ಕ ಹೀಗೆ: ಕೊನೆಯ ತಿಂಗಳ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. ಉದಾಹರಣೆಗೆ ಅದು 13,000 ರೂಪಾಯಿ ಇದ್ದು ಸೇವೆ 10 ವರ್ಷವಾದರೆ 75,000. ಕೊಡಬೇಕಾದ ದಿನದಿಂದ 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತದೆ.

ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಇಎಸ್‌ಐ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ತೆಗೆದಿಡಿ. ನೇಮಕಾತಿ ಪತ್ರ ಕಳೆದುಹೋಗಿದ್ದರೂ ಹೆದರಬೇಡಿ. ನಿಮ್ಮ ಪಿಎಫ್‌ನ ಯುಎಎನ್ ಸಂಖ್ಯೆಯಿಂದ ಪಾಸ್‌ಬುಕ್ ತೆಗೆಸಿದರೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಕಂತು ಕಟ್ಟಿದ್ದಾರೆ ಎಂದು ಕಾಣುತ್ತದೆ, ಅದೇ ದೊಡ್ಡ ಪುರಾವೆ. ಅರ್ಜಿ ಯಾವ ಅಧಿಕಾರಿಯ ಮುಂದೆ ಎಂದು ಜಿಲ್ಲೆಯ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಹೇಳುತ್ತಾರೆ. ವಕೀಲರ ಫೀಸಿಗೆ ದುಡ್ಡಿಲ್ಲ ಎಂದು ಹಿಂಜರಿಯುವುದೂ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ನೆರವು ಇದೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ, 15100ಕ್ಕೂ ಫೋನ್ ಮಾಡಬಹುದು.

ಎಲ್ಲರೂ ಒಟ್ಟಿಗೆ ಹೋಗಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದದ್ದು, ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡದ್ದು ನಿಮಗೇ ನೆನಪಿರಬೇಕು.

ರಾತ್ರಿಪಾಳಿ

ಎಲ್ಲ ಓದಿದೆ. ಮೇಷ್ಟ್ರು ಹೇಳಿದ್ದು ಸರಿ. ಆದರೂ ಒಂದು ಮಾತು ಕೇಳಲೇಬೇಕು. ಈ ಅಕ್ಕನ ಎದುರು ತಪ್ಪು ಮಾಡಿದವರು ಯಾರೆಂದು ಗೊತ್ತಿದೆ. ನಾನು ಆಸ್ಪತ್ರೆಯಲ್ಲಿ ನರ್ಸ್, ಕ್ಯಾನ್ಸರ್ ವಾರ್ಡಿನಲ್ಲಿ. ಅಲ್ಲಿ ಮಲಗಿರುವ ಮಗುವಿನ ತಾಯಿ ಯಾರ ಮೇಲೆ ಅರ್ಜಿ ಕೊಡಬೇಕು? ದೇವರು ನ್ಯಾಯವಂತ, ಬದಲಾಗುವುದಿಲ್ಲ ಎಂದು ಆಕೆಗೆ ಹೇಳಿದರೆ ಆ ಮಾತು ಕಲ್ಲಿನ ಹಾಗೆ ಬೀಳುತ್ತದೆ. ನಾನು ಹೇಳುವುದನ್ನು ಬಿಟ್ಟಿದ್ದೇನೆ. ಪಕ್ಕದಲ್ಲಿ ನಿಲ್ಲುತ್ತೇನೆ, ಅಷ್ಟೇ.

ಸಂಡೇ ಸ್ಕೂಲ್ ಟೀಚರ್ (ಮಂಗಳೂರು)

ರಾತ್ರಿಪಾಳಿಯವರೇ, ಯೋಬನ ಸ್ನೇಹಿತರು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಏಳು ದಿನ ಮಾತಿಲ್ಲದೆ ಪಕ್ಕದಲ್ಲಿ ಕೂತದ್ದು. ಬಾಯಿ ತೆರೆದ ಮೇಲೆ ಕೆಟ್ಟಿತು. ದೇವರು ನ್ಯಾಯವಂತ, ಆದ್ದರಿಂದ ನೀನು ಪಾಪ ಮಾಡಿರಲೇಬೇಕು ಎಂದು ಲೆಕ್ಕ ಹಾಕಿದರು. ಕೊನೆಗೆ 42:7ರಲ್ಲಿ ದೇವರು ಎಲೀಫಜನಿಗೆ ಹೇಳಿದ್ದೇನು? ನನ್ನ ವಿಷಯದಲ್ಲಿ ನೀವು ಸರಿಯಾಗಿ ಮಾತಾಡಲಿಲ್ಲ, ನನ್ನ ದಾಸ ಯೋಬ ಮಾತಾಡಿದ ಹಾಗೆ. ದೇವರ ನ್ಯಾಯವನ್ನು ಎತ್ತಿಹಿಡಿದವರಿಗೆ ಬೈಗುಳ, ದೇವರೊಡನೆ ವಾದಿಸಿದವನಿಗೆ ಮೆಚ್ಚುಗೆ! ನಾನು ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ಪ್ರತಿ ಸಲ ಮೈ ಜುಂ ಅನ್ನುತ್ತದೆ.

ಇನ್ನೊಂದು, ಪ್ರಲಾಪಗಳ ಪುಸ್ತಕ. ಬೆಳಗಿನ ಪ್ರಾರ್ಥನೆಗಳಲ್ಲಿ ನಾವು ಯಾವಾಗಲೂ ಹೇಳುವ ವಚನ, ಆತನ ಕರುಣೆ ದಿನದಿನವೂ ಹೊಸದು, ಆತನ ನಂಬಿಗಸ್ತಿಕೆ ದೊಡ್ಡದು ಎನ್ನುವುದು, ಅಲ್ಲಿಂದ ಬಂದದ್ದು, 3:22-23. ಕ್ಯಾಲೆಂಡರಿನಲ್ಲಿ ಹೂವಿನ ಚಿತ್ರದ ಕೆಳಗೆ ಅಚ್ಚು ಹಾಕುತ್ತಾರೆ. ಬರೆದಾಗ ಊರು ಸುಟ್ಟಿತ್ತು. ಬಾಬೆಲಿನ ಸೈನ್ಯ ಕ್ರಿ.ಪೂ. 586ರಲ್ಲಿ ಯೆರೂಸಲೇಮನ್ನು ಕೆಡವಿದ ಮೇಲೆ, ಬೀದಿಯಲ್ಲಿ ಹಸಿದು ಕುಸಿದ ಮಕ್ಕಳನ್ನು ನೋಡಿದವರ ಅಳು ಅದು.

ಆ ಪುಸ್ತಕ ಕಟ್ಟಿರುವ ಬಗೆ ನೋಡಿ. ಐದು ಅಧ್ಯಾಯ. ಒಂದು, ಎರಡು, ನಾಲ್ಕು, ಐದಕ್ಕೆ 22 ವಚನ ತಲಾ. ಇಬ್ರಿಯ ಅಕ್ಷರಮಾಲೆಯಲ್ಲಿ 22 ಅಕ್ಷರ ಇವೆ, ಮೊದಲ ನಾಲ್ಕು ಅಧ್ಯಾಯಗಳನ್ನು ಅಕ್ಷರದ ಸರದಿಗೆ ಹೆಣೆದಿದ್ದಾರೆ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66. ಭರವಸೆಯ ಮಾತು ಬರುವುದು ಆ ನಡುವಿನ ಅಧ್ಯಾಯದಲ್ಲಿ. ಅದಕ್ಕೆ ಮುಂಚೆ ಸುಮಾರು 20 ವಚನ, ಆತನೇ ನನ್ನನ್ನು ಕತ್ತಲೆಗೆ ನೂಕಿದ, ದಾರಿಗೆ ಕಲ್ಲಿನ ಗೋಡೆ ಕಟ್ಟಿದ, ಕರಡಿಯಂತೆ ಹೊಂಚುಹಾಕಿದ ಎಂಬ ದೂರು. ಭರವಸೆ ಹೇಳಿದ ಮೇಲೆ ಪುಸ್ತಕ ಮುಗಿಯಿತೇ? ಇಲ್ಲ. ಮತ್ತೆ ಅಳು. ಐದನೇ ಅಧ್ಯಾಯದ ಕೊನೇ ವಚನ, ನೀನು ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯೋ ಎಂಬ ಸಂಶಯದಲ್ಲಿ ನಿಂತುಹೋಗುತ್ತದೆ. 88ನೇ ಕೀರ್ತನೆಯೂ ಹಾಗೆಯೇ, ಕೊನೆಯವರೆಗೂ ಬೆಳಕು ಕಾಣುವುದಿಲ್ಲ. ಅದನ್ನೂ ದೇವರ ವಾಕ್ಯ ಎಂದೇ ಇಟ್ಟುಕೊಂಡಿದ್ದೇವೆ. ನಿಮ್ಮ ವಾರ್ಡಿನ ಆ ತಾಯಿಗೆ ಸ್ತುತಿಪದ ಬಾಯಿಗೆ ಬಾರದಿದ್ದರೆ 88ನೆಯದು ಇದೆ. ಅದನ್ನು ಹೇಳಿಕೊಂಡು ಅತ್ತರೂ ಅದು ಪ್ರಾರ್ಥನೆಯೇ.

ರಾತ್ರಿಪಾಳಿ

88ನ್ನು ನಾನು ಓದಿರಲಿಲ್ಲ. ಈಗ ಓದಿದೆ. ಥ್ಯಾಂಕ್ಸ್ ಟೀಚರ್.

ದೀಪಸ್ತಂಭ

ಟೀಚರ್, ನಿಮ್ಮ ಮೇಲಿನ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಅರಣ್ಯದಲ್ಲಿ ಇಸ್ರಾಯೇಲ್ಯರು ಗೊಣಗಿದಾಗ ದೇವರು ಸಿಟ್ಟಾಗಲಿಲ್ಲವೇ? ಅರಣ್ಯಕಾಂಡ 14ರಲ್ಲಿ ಆ ತಲೆಮಾರೇ ವಾಗ್ದತ್ತ ದೇಶ ಕಾಣಲಿಲ್ಲ. ನಾವು ದೂರುವುದಕ್ಕೆ ಜನರಿಗೆ ಧೈರ್ಯ ಕೊಡುತ್ತಿದ್ದೇವೆ ಎಂಬ ಭಯ ನನಗೆ. ನಮ್ಮ ಅಜ್ಜಿ ಪ್ಲೇಗಿನ ಕಾಲ ಕಂಡವರು. ಒಂದು ದಿನವೂ ದೇವರ ಮೇಲೆ ದೂರು ಹೇಳಲಿಲ್ಲ. ಅಂಥವರ ನಂಬಿಕೆ ನಮಗೆ ಮಾದರಿಯಾಗಬೇಡವೇ?

ಬೆಟಗೇರಿ ಹಿರಿಯ

ತಮ್ಮಾ, ನಿಮ್ಮ ಅಜ್ಜಿಯವರ ಬಗ್ಗೆ ಕೇಳಿ ಭಾಳ ಸಂತೋಷ ಆತು. ಅಂಥಾ ಮಂದಿ ನಮ್ಮ ಮನ್ಯಾಗೂ ಇದ್ರು. ಆದ್ರ ನೀವು ಹೇಳಿದ ಆ ಅಧ್ಯಾಯ ಇನ್ನೊಂದ ಸಲ ಓದ್ರಿ. ಅಲ್ಲಿ ಮಂದಿ ದೇವರ ಕಡೆ ಮುಖಾ ಮಾಡಿ ಅಳಲಿಲ್ಲ. ಡೇರೆದಾಗ ಕುಂತು ತಮ್ಮ ತಮ್ಮೊಳಗ ದೇವರ ಬಗ್ಗೆ ಮಾತಾಡಿದ್ರು, ಒಬ್ಬ ನಾಯಕನ್ನ ಆರಿಸಿಕೊಂಡು ಐಗುಪ್ತಕ್ಕ ಹೊಳ್ಳಿ ಹೋಗೂಣು ಅಂದ್ರು. ದೇವರನ್ನ ಬಿಟ್ಟು ಹೋಗೂದು ಬ್ಯಾರೆ, ದೇವರ ಕಾಲು ಹಿಡಕೊಂಡು "ಯಾಕ ಹಿಂಗ ಮಾಡಿದಿ" ಅನ್ನೂದು ಬ್ಯಾರೆ. ಎರಡನೇದು ಮಾಡಿದವರನ್ನ ಆತ ಕೈ ಬಿಟ್ಟಿದ್ದು ನಾ ಎಲ್ಲೂ ಓದಿಲ್ಲ.

ಹಬಕ್ಕೂಕನ ಪುಸ್ತಕ ಬರೇ ಮೂರ ಅಧ್ಯಾಯ. ಶುರುವಾಗೂದೇ ದೂರಿನಿಂದ. ಎಷ್ಟ ದಿನಾ ಕೂಗಲಿ, ನೀ ಕೇಳವಲ್ಲಿ. ಅನ್ಯಾಯ ಅನ್ಯಾಯ ಅಂತ ಒದರಿದ್ರೂ ರಕ್ಷಿಸವಲ್ಲಿ. ದೇವರು ಉತ್ತರ ಕೊಟ್ಟಾನ: ಕಸ್ದೀಯರನ್ನ, ಅಂದ್ರ ಬಾಬೆಲಿನವರನ್ನ, ಎಬ್ಬಸ್ತೀನಿ. ಅದನ್ನ ಕೇಳಿ ಪ್ರವಾದಿಗೆ ಇನ್ನೂ ದೊಡ್ಡ ಸಂಕಟ. ನಮ್ಮಕಿಂತಾ ಕೆಟ್ಟ ಮಂದಿ ಕೈಲೆ ನಮಗ ನ್ಯಾಯ ಹೇಳಸ್ತಿಯೇನು ಅಂತ ಮತ್ತ ವಾದಾ ಮಾಡ್ಯಾನ. ಮಾಡಿ ಓಡಿ ಹೋಗಲಿಲ್ಲ, ಕಾವಲ ಗೋಪುರದಾಗ ನಿಂತು ಉತ್ತರಕ್ಕ ಕಾದಾನ. ದೀಪಸ್ತಂಭ ಅವರ, ನೀವು ಮೊದಲಿಗೆ ಹೇಳಿದ ಕಾಯೂದು ಅಂದ್ರ ಇದ. ಕೇಳಿ ಕಾಯೂದು.

ಕಡೀ ಅಧ್ಯಾಯ ನಮ್ಮ ಒಣಬೇಸಾಯದ ಮಂದಿಗೆ ಬಿಡಿಸಿ ಹೇಳೂ ಜರೂರತ್ತೇ ಇಲ್ಲ. ಅಂಜೂರ ಚಿಗುರದಿದ್ರೂ, ದ್ರಾಕ್ಷಿ ಬಿಡದಿದ್ರೂ, ಹೊಲ ಅನ್ನ ಕೊಡದಿದ್ರೂ, ಹಟ್ಟ್ಯಾಗ ಕುರಿ ಇಲ್ಲದಿದ್ರೂ, ಕೊಟ್ಟಿಗ್ಯಾಗ ದನ ಇಲ್ಲದಿದ್ರೂ ನಾ ಯೆಹೋವನಲ್ಲಿ ಉಲ್ಲಾಸ ಪಡ್ತೀನಿ ಅಂತಾನ. ಮಳಿ ಕೈ ಕೊಟ್ಟ ವರ್ಷ ಗದಗ ಸೀಮ್ಯಾಗ ದನಾ ಮಾರಿ ಗ್ವಾದ್ಲಿ ಖಾಲಿ ಆಗಿದ್ದನ್ನ ಕಂಡವರು ನಾವು. ಆ ಮಾತು ಹೊಟ್ಟಿ ತುಂಬಿದವರು ಬರದದ್ದಲ್ಲ ಅನ್ನೂದು ಓದಿದ ಕೂಡಲೆ ಗೊತ್ತಾಗ್ತದ.

ಕೆಳಗಿನಮನೆ ಹುಡುಗ

ಹಿರಿಯರ ಕ್ಷಮೆ ಕೇಳಿ ಒಂದು ಪ್ರಶ್ನೆ. ಹಬಕ್ಕೂಕನಿಗೆ ದೇವರು ಕೊಟ್ಟ ಮಾತು ಬಾಬೆಲ್ ಬೀಳುತ್ತದೆ ಎಂದು. ಬಿದ್ದದ್ದು ಕ್ರಿ.ಪೂ. 539ರಲ್ಲಿ, ಪರ್ಷಿಯದ ಕೋರೆಷನ ಕೈಯಲ್ಲಿ. ಬಾಬೆಲಿನವರು ಆ ಸೀಮೆಯ ಮೇಲೆ ಹಿಡಿತ ಸಾಧಿಸಿದ್ದು 605ರ ಸುಮಾರಿಗೆ. ನಡುವೆ 60 ವರ್ಷಕ್ಕೂ ಹೆಚ್ಚು. 586ರ ಮುತ್ತಿಗೆಯಲ್ಲಿ ಸತ್ತವರಿಗೆ ಆ ನ್ಯಾಯದಿಂದ ಏನು ಸಿಕ್ಕಿತು? ಪ್ರವಾದಿಯೇ ಅದನ್ನು ಕಣ್ಣಾರೆ ಕಂಡಿರಲಿಕ್ಕಿಲ್ಲ. ನನ್ನ ಅಪ್ಪ ಜಮೀನಿನ ಕೇಸು ನಡೆಸುತ್ತಲೇ ತೀರಿಕೊಂಡರು, ತೀರ್ಪು ಬಂದದ್ದು ಆಮೇಲೆ. ಕೇಸು ನಾವೇ ಗೆದ್ದೆವು. ಅಮ್ಮ ಅಂದು ಅಡುಗೆ ಮಾಡಲಿಲ್ಲ.

ನಿವೃತ್ತ ಮೇಷ್ಟ್ರು

ಮಗು, ನಿನ್ನ ಪ್ರಶ್ನೆಗೆ ಬಾಯಿ ಮುಚ್ಚಿಸುವ ಉತ್ತರ ನನ್ನಲ್ಲಿಲ್ಲ, ಇದ್ದರೂ ಕೊಡಬಾರದು. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದಲ್ಲಿ ನಂಬಿಕೆಯ ವೀರರನ್ನೆಲ್ಲ ಹೆಸರು ಹಿಡಿದು ಹೇಳಿ, ಕೊನೆಗೆ 39ನೇ ವಚನದಲ್ಲಿ, ಇವರೆಲ್ಲ ವಾಗ್ದಾನ ಮಾಡಿದ್ದನ್ನು ಹೊಂದಲಿಲ್ಲ ಎಂದು ಮುಚ್ಚುಮರೆಯಿಲ್ಲದೆ ಬರೆದಿದೆ. ಸತ್ತವರಿಗೆ ನ್ಯಾಯ ಸಿಗುವುದು ಪುನರುತ್ಥಾನದಲ್ಲಿ ಎಂದು ನಾನು ನಂಬುತ್ತೇನೆ. ಆ ನಂಬಿಕೆ ಇಲ್ಲದಿದ್ದರೆ ನಿನ್ನ ತಂದೆಯವರ ಲೆಕ್ಕ ಮುಗಿಯುವುದೇ ಇಲ್ಲ. ನಮ್ಮ ಕರ್ತನ ವಿಚಾರಣೆಯೂ ಅನ್ಯಾಯದ್ದೇ. ಪಿಲಾತ ತಪ್ಪು ಕಾಣಲಿಲ್ಲ ಎಂದು ಹೇಳುತ್ತಲೇ ಒಪ್ಪಿಸಿಕೊಟ್ಟ. ಆ ತೀರ್ಪು ಭೂಮಿಯ ಯಾವ ಕೋರ್ಟಿನಲ್ಲೂ ರದ್ದಾಗಲಿಲ್ಲ. ಮೂರನೆಯ ದಿನ ದೇವರೇ ರದ್ದು ಮಾಡಿದ.

ಆದರೆ ನಿನ್ನ ತಂದೆ ಕೇಸು ನಡೆಸುತ್ತಲೇ ತೀರಿಕೊಂಡದ್ದು ವ್ಯರ್ಥ ಎಂದು ನಾನು ಒಪ್ಪಲಾರೆ. ಯೆರೆಮೀಯನ ಪುಸ್ತಕದ 32ನೇ ಅಧ್ಯಾಯ ತೆಗೆ. ಅರಸ ಚಿದ್ಕೀಯನ ಆಳ್ವಿಕೆಯ ಹತ್ತನೇ ವರ್ಷ, ಬಾಬೆಲಿನ ಸೈನ್ಯ ಊರನ್ನು ಸುತ್ತುವರಿದಿದೆ, ಪ್ರವಾದಿ ಕಾವಲಿನಂಗಳದಲ್ಲಿ ಸೆರೆಯಾಗಿದ್ದಾನೆ. ಊರು ಬೀಳುತ್ತದೆ ಎಂದು ಸಾರಿದವನೂ ಅವನೇ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ. ಶತ್ರು ಸುತ್ತಲೂ ಬೀಡುಬಿಟ್ಟಿರುವಾಗ ಹೊಲ! ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಕ್ರಯಪತ್ರ ಬರೆಸುತ್ತಾನೆ, ಸಾಕ್ಷಿಗಳ ಸಹಿ ಹಾಕಿಸುತ್ತಾನೆ, ಒಂದು ಪ್ರತಿಗೆ ಮುದ್ರೆ, ಇನ್ನೊಂದು ತೆರೆದ ಪ್ರತಿ. ಎರಡನ್ನೂ ತನ್ನ ಲಿಪಿಕಾರ ಬಾರೂಕನ ಕೈಗೆ ಕೊಟ್ಟು, ಬಹುದಿನ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿಡು ಅನ್ನುತ್ತಾನೆ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವ ಕಾಲ ಬರುತ್ತದೆ ಎಂದು ದೇವರು ಹೇಳಿದ್ದಕ್ಕೆ.

ನನಗೆ ಇದರಲ್ಲಿ ಅತಿ ಪ್ರಿಯವಾದ ಭಾಗ ಮುಂದಿನದು. ಪತ್ರವೆಲ್ಲ ಮುಗಿದ ಮೇಲೆ ಅವನು ಪ್ರಾರ್ಥಿಸುತ್ತಾನೆ, ಆ ಪ್ರಾರ್ಥನೆಯಲ್ಲಿ ಗೊಂದಲವಿದೆ. ನಿನಗೆ ಅಸಾಧ್ಯವಾದದ್ದಿಲ್ಲ ಎಂದು ಶುರುಮಾಡಿ, ಊರು ಕಸ್ದೀಯರ ಕೈಸೇರುತ್ತಿದೆ, ನೀನು ನೋಡಿದರೆ ಹೊಲ ಕೊಂಡುಕೋ ಅಂದೆಯಲ್ಲ ಎಂದು ಮುಗಿಸುತ್ತಾನೆ. ಮೊದಲು ಕಾಗದಕ್ಕೆ ಸಹಿ, ಆಮೇಲೆ ಪ್ರಶ್ನೆ. ಆ ಹೊಲದಲ್ಲಿ ಅವನು ಒಂದು ಹಿಡಿ ಕಾಳು ಬೆಳೆದದ್ದು ಎಲ್ಲೂ ಬರೆದಿಲ್ಲ. ಊರು ಬಿದ್ದ ಮೇಲೆ ಉಳಿದವರು ಅವನನ್ನು ಐಗುಪ್ತಕ್ಕೆ ಎಳೆದೊಯ್ದರು. ನಿನ್ನ ತಂದೆ ಆ ಸಾಲಿನವರು. ಕೇಸಿನ ಕಾಗದಗಳನ್ನು ಜೋಪಾನ ಮಾಡಿಡು.

ಕೆಳಗಿನಮನೆ ಹುಡುಗ

ಅಮ್ಮನಿಗೆ ಓದಿ ಹೇಳಿದೆ ಸರ್. ಅವರೇ ಆ ಅಧ್ಯಾಯ ಹುಡುಕಿ ತೆಗೆದರು.

ಸಂಡೇ ಸ್ಕೂಲ್ ಟೀಚರ್

ಸಭೆಗಳು ಏನು ಮಾಡಬೇಕು ಎಂಬುದೂ ಬರಲಿ. ನೆಹೆಮೀಯನ ಪುಸ್ತಕದ 5ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಗೋಡೆ ಕಟ್ಟುವ ಕೆಲಸದ ನಡುವೆ ಬಡವರೂ ಅವರ ಹೆಂಡಂದಿರೂ ಕೂಗೆಬ್ಬಿಸುತ್ತಾರೆ. ಹೊಲ ಅಡವಿಟ್ಟಾಗಿದೆ, ಮಕ್ಕಳು ಜೀತಕ್ಕೆ ಹೋಗಿದ್ದಾರೆ. ಸಾಲ ಕೊಟ್ಟು ಹಿಂಡುತ್ತಿದ್ದವರು ಹೊರಗಿನವರಲ್ಲ, ಅವರದೇ ಸಹೋದರರು. ಅಧಿಪತಿಯಾಗಿದ್ದ ನೆಹೆಮೀಯ ಸುಮ್ಮನಿರಿ ಅನ್ನಲಿಲ್ಲ. ಸಿಟ್ಟಾದ, ದೊಡ್ಡ ಸಭೆ ಕರೆದ, ಹೊಲ ಮನೆ ಬಡ್ಡಿ ಎಲ್ಲ ಹಿಂದಕ್ಕೆ ಕೊಡುವುದಾಗಿ ಪ್ರಮಾಣ ಮಾಡಿಸಿದ. ಅಪೊಸ್ತಲರ ಕೃತ್ಯಗಳು 6ರಲ್ಲೂ ಅಷ್ಟೇ. ದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸಿದ್ದಾರೆ ಎಂದು ಗೊಣಗಾಟ ಎದ್ದಿತು. ಅಪೊಸ್ತಲರು ಗದರಿಸಲಿಲ್ಲ, ಏಳು ಮಂದಿಯನ್ನು ಆರಿಸಲು ಹೇಳಿ ಹಂಚಿಕೆ ಸರಿಪಡಿಸಿದರು. ಹೊಲಿಗೆಮನೆ ಅಕ್ಕನ ಸಭೆಯ ಹಿರಿಯರು ಆಕೆಯ ಮಗಳ ಕಾಲೇಜು ಫೀಸಿನ ವಿಷಯ ಒಂದು ಸಲ ವಿಚಾರಿಸಲಿ ಎಂದು ನನ್ನ ಬೇಡಿಕೆ. ನಂಬಿಗಸ್ತ ದೇವರ ಬಗ್ಗೆ ಪ್ರಸಂಗ ಮಾಡುವ ಸಭೆ ಕಷ್ಟದ ಮನೆಯ ಬಾಗಿಲಿಗೆ ಹೋಗಲೇಬೇಕು.

ದೀಪಸ್ತಂಭ

ಟೀಚರ್ ಮಾತಿಗೆ ಆಮೆನ್. ಕೃತ್ಯಗಳು 6ನ್ನು ಈ ರೀತಿ ಯೋಚಿಸಿರಲಿಲ್ಲ. ಸಿಸ್ಟರ್, ನಮ್ಮ ಪ್ರಾರ್ಥನಾ ಗುಂಪಿನಲ್ಲಿ ನಿಮ್ಮ ಮಗಳ ವಿಷಯ ಮಾತಾಡುತ್ತೇವೆ.

ಹೊಲಿಗೆಮನೆ

ಎಲ್ಲರಿಗೂ ವಂದನೆ. ಹೋಗಿ ಬಂದೆವು. ನಮ್ಮ ಲೈನು, ಪಕ್ಕದ ಲೈನು, ಚೆಕಿಂಗಿನವರು, ಹೆಲ್ಪರ್ ಹುಡುಗಿಯರು ಎಲ್ಲ ಒಟ್ಟಿಗೆ. ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡೆವು. ಪಿಎಫ್ ಪಾಸ್‌ಬುಕ್ ಸೈಬರಿನಲ್ಲಿ ತೆಗೆಸಿದೆ. ದಿನಾಂಕ ತಿಳಿಸುತ್ತೇವೆ ಅಂದಿದ್ದಾರೆ. ನಮ್ಮಲ್ಲಿ ಮುಸ್ಲಿಮರೂ ಇದ್ದಾರೆ, ಗೌಡರ ಹೆಂಗಸರೂ ಇದ್ದಾರೆ. ಹೊರಡುವಾಗ ಬಸ್ ಸ್ಟಾಂಡಿನಲ್ಲಿ ಮಲಾಕಿಯನ ಆ ವಚನ ಓದಲಾ ಅಂತ ಕೇಳಿದೆ, ಓದು ಅಂದರು. ಕೂಲಿ ಅನ್ನುವ ಮಾತು ಬಂದಾಗ ಎಲ್ಲರೂ ತಲೆ ಆಡಿಸಿದರು.

ಒಂದು ಕೊನೇ ಪ್ರಶ್ನೆ. ರಾತ್ರಿ ಪ್ರಾರ್ಥನೆ ಮಾಡುವಾಗ ಆ ಮಾಲೀಕರ ಮೇಲೆ ಸಿಟ್ಟು ಉಕ್ಕುತ್ತೆ. ಕ್ಷಮಿಸಬೇಕು ಅಂತ ಗೊತ್ತು. ಕ್ಷಮಿಸಿದರೆ ಅರ್ಜಿ ವಾಪಸ್ ತೆಗೆದುಕೊಳ್ಳಬೇಕಾಗುತ್ತಾ?

ಬೆಟಗೇರಿ ಹಿರಿಯ

ತೆಗಿಬ್ಯಾಡ ತಂಗಿ. ಸಿಟ್ಟು ದೇವರ ಮುಂದ ಸುರುವು. 94ನೇ ಕೀರ್ತನಿ ಹಂಗ ಅದ, ಮುಯ್ಯಿ ತೀರಿಸೋ ದೇವರೇ ಕಾಣಿಸಿಕೋ ಅಂತ ಶುರುವಾಗ್ತದ. ವಿಧವೆಯರನ್ನ ಕೊಂದವರು "ಯೆಹೋವ ನೋಡೂದಿಲ್ಲ" ಅಂತಾರ, ಕಿವಿ ಮಾಡಿದಾಂವ ಕೇಳೂದಿಲ್ಲೇನು ಅಂತ ಆ ಕೀರ್ತನಿಕಾರ ಕೇಳ್ತಾನ.

ವಕೀಲಿ ವೃತ್ತಿ

ರೋಮಾಪುರದವರಿಗೆ ಬರೆದ ಪತ್ರಿಕೆ 12:19ರಲ್ಲಿ ಪೌಲ ಬಿಡಲು ಹೇಳಿದ್ದು ಸೇಡನ್ನು. ಮುಯ್ಯಿ ದೇವರಿಗೆ ಬಿಡಿ. ದುಡಿದ ದುಡ್ಡು ಕೇಳುವುದು ಮುಯ್ಯಿ ಅಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನನ್ನು ನೆನೆಯಿರಿ, ಲೂಕ 19. ಯೇಸು ಅವನ ಮನೆಗೆ ಹೋಗಿ ಉಂಡ, ಅವನನ್ನು ಅಬ್ರಹಾಮನ ಮಗ ಎಂದು ಕರೆದ. ಅದೇ ಮನೆಯಲ್ಲಿ ನಿಂತು ಜಕ್ಕಾಯ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದ. ಕ್ಷಮೆಯೂ ವಾಪಸಾತಿಯೂ ಒಂದೇ ಊಟದಲ್ಲಿ ನಡೆದವು. ನಿಮ್ಮ ಮಾಲೀಕರಿಗೂ ಅಂಥ ದಿನ ಬರಲಿ ಎಂದು ಬೇಡಿಕೊಳ್ಳಿ, ಅರ್ಜಿ ಅದರ ಪಾಡಿಗೆ ನಡೆಯಲಿ.

ನೋಟೀಸು ಬಂದ ಕೂಡಲೇ ಇಲ್ಲಿ ದಿನಾಂಕ ಹಾಕಿ ಅಕ್ಕ. ವಿಚಾರಣೆಗೆ ಮೂಲ ಕಾಗದ ಜೊತೆಗಿರಲಿ, ಕೊಡುವುದು ಮಾತ್ರ ಜೆರಾಕ್ಸ್ ಪ್ರತಿ. ಸೀಲು ಹಾಕಿದ ಸ್ವೀಕೃತಿಯ ಫೋಟೋ ತೆಗೆದು ನಿಮ್ಮ ಜೊತೆಯವರಿಗೆಲ್ಲ ಕಳಿಸಿಡಿ. ಅಂದು ತುಮಕೂರಿನಲ್ಲಿ ನನಗೆ ಕೇಸಿಲ್ಲದಿದ್ದರೆ ನಾನೂ ಬರುತ್ತೇನೆ.